ಗಾಲ್ಫ್ ಮೈದಾನದ ವಿನ್ಯಾಸ: ಮಲಪನಗುಡಿ ಭಾಗದ ರೈತರು ಅರಿಯಬೇಕಾದ ಮಣ್ಣು, ನೀರು ಮತ್ತು ಹುಲ್ಲಿನ ಲೆಕ್ಕ

ಹೊಸಪೇಟೆಯಿಂದ ಕಮಲಾಪುರದ ಕಡೆಗೆ ಸಾಗುವ ದಾರಿಯಲ್ಲಿರುವ ಮಲಪನಗುಡಿಯ ಸುತ್ತ ಎರಡು ಬಗೆಯ ಭೂಮಿ ಅಕ್ಕಪಕ್ಕದಲ್ಲೇ ಇವೆ. ಕಾಲುವೆಯ ಕೆಳಗೆ ಭತ್ತ, ಕಬ್ಬು ಮತ್ತು ಬಾಳೆಯ ಹಸಿರು. ಕಾಲುವೆಯ ಮೇಲೆ ಹೆಬ್ಬಂಡೆಗಳ ನಡುವಿನ ಕೆಂಪು ಮಸಾರಿ. ಹಂಪಿಗೆ ಬರುವ ಪ್ರವಾಸಿಗರು ಹೆಚ್ಚಿದಂತೆ ಈ ಎರಡೂ ಬಗೆಯ ಭೂಮಿಗೆ ಹೊಸ ಬೇಡಿಕೆ ಬಂದಿದೆ. ವಿಶ್ರಾಂತಿಧಾಮಗಳು, ಹೋಟೆಲುಗಳು ಮತ್ತು ಹುಲ್ಲುಹಾಸುಗಳು ಹೊಲಗಳ ನೆರೆಗೆ ಬರುತ್ತಿವೆ. ಇಂತಹ ಕಡೆ ಮುಂದೆಂದಾದರೂ ಕೇಳಿಬರಬಹುದಾದ ಪ್ರಸ್ತಾವಗಳಲ್ಲಿ ಕಂಟ್ರಿ ಕ್ಲಬ್ ಮತ್ತು ಗಾಲ್ಫ್ ಮೈದಾನವೂ ಒಂದು.

ಗಾಲ್ಫ್ ನಮ್ಮ ಆಟವಲ್ಲ, ಅದರ ಗೊಡವೆ ನಮಗೇಕೆ ಎಂದು ನೀವು ಕೇಳಬಹುದು. ಆದರೆ ಗಾಲ್ಫ್ ಮೈದಾನವು ಮೂಲತಃ ಒಂದು ಬೇಸಾಯದ ಕೆಲಸ. ಅಲ್ಲಿಯ ಬೆಳೆ ಗರಿಕೆ. ಇಳುವರಿಯ ಬದಲು ಅಲ್ಲಿ ಅಳೆಯುವುದು ನೆಲದ ನಯವನ್ನು. ಇಳಿಜಾರು, ಬಸಿಗಾಲುವೆ, ಬೇರಿನ ವಲಯ, ತುಂತುರು ನೀರಾವರಿ, ಗೊಬ್ಬರ ಇವೆಲ್ಲವೂ ಅಲ್ಲಿ ಇವೆ. ಆದ್ದರಿಂದ ಇದರ ವಿನ್ಯಾಸವನ್ನು ಅರಿಯುವುದರಿಂದ ಮೂರು ಪ್ರಯೋಜನಗಳಿವೆ. ಮೊದಲನೆಯದಾಗಿ, ನಿಮ್ಮ ಹೊಲದ ಬಸಿಯುವಿಕೆ ಮತ್ತು ನೀರಾವರಿಯನ್ನು ಸುಧಾರಿಸಿಕೊಳ್ಳಬಹುದು. ಎರಡನೆಯದಾಗಿ, ಹುಲ್ಲುಹಾಸಿನ ಬೇಸಾಯವು ನಿಮಗೆ ಲಾಭವೋ ನಷ್ಟವೋ ಎಂದು ತೂಗಿ ನೋಡಬಹುದು. ಮೂರನೆಯದಾಗಿ, ಭೂಮಿ ಅಥವಾ ನೀರನ್ನು ಕೇಳಿ ಯಾರಾದರೂ ಬಂದಾಗ ಸರಿಯಾದ ಪ್ರಶ್ನೆಗಳನ್ನು ಕೇಳಬಹುದು.

ಆಟ ಹುಟ್ಟಿದ ನೆಲ

ಗಾಲ್ಫ್ ಬೆಳೆದದ್ದು ಸ್ಕಾಟ್ಲೆಂಡಿನ ಕಡಲತೀರದಲ್ಲಿ. ಸಮುದ್ರಕ್ಕೂ ಉಳುವ ಹೊಲಗಳಿಗೂ ನಡುವೆ ಮರಳುದಿಬ್ಬಗಳ ಪಟ್ಟಿಯೊಂದು ಅಲ್ಲಿತ್ತು. ಅದು ನೇಗಿಲಿಗೆ ಒಗ್ಗದ, ಕುರಿ ಮೇಯಿಸಲು ಮಾತ್ರ ಬಿಟ್ಟಿದ್ದ ನೆಲ. ಮಳೆ ಆಗಾಗ ಬೀಳುತ್ತಿತ್ತು, ಮರಳು ಅದನ್ನು ಕೂಡಲೇ ಬಸಿಯುತ್ತಿತ್ತು, ಕುರಿಗಳು ಹುಲ್ಲನ್ನು ಗಿಡ್ಡವಾಗಿ ಮೇಯುತ್ತಿದ್ದವು. ಗಾಳಿಗೆ ಬೆನ್ನು ಕೊಟ್ಟು ಕುರಿಗಳು ಮಲಗಿದ ಗುಂಡಿಗಳೇ ಇಂದಿನ ಮರಳುಗುಂಡಿಗಳಾದವು ಎಂದು ಹೇಳುವುದುಂಟು. ಸೇಂಟ್ ಆಂಡ್ರೂಸ್ ಎಂಬ ಊರಿನಲ್ಲಿ 1764ರಲ್ಲಿ ಮೈದಾನದ ಸುತ್ತು 22 ಕುಳಿಗಳಿಂದ 18ಕ್ಕೆ ಇಳಿಯಿತು. ಆ ಸಂಖ್ಯೆಯೇ ಮುಂದೆ ಜಗತ್ತಿನ ಮಾದರಿಯಾಯಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಆ ನೆಲಕ್ಕೆ ಯಾರೂ ಮರಳು ತಂದು ಹಾಕಲಿಲ್ಲ, ಕೊಳವೆಬಾವಿ ಕೊರೆಯಲಿಲ್ಲ, ಒಳ್ಳೆಯ ಹೊಲವನ್ನು ಕಿತ್ತುಕೊಳ್ಳಲಿಲ್ಲ. ನೆಲದ ಗುಣಕ್ಕೆ ತಕ್ಕಂತೆ ಆಟ ಬೆಳೆಯಿತು. ಅದೇ ಆಟವನ್ನು ಬೇರೆ ನೆಲಕ್ಕೆ ತಂದಾಗ ಮರಳು, ನೀರು, ಬಸಿಯುವಿಕೆ ಎಲ್ಲವನ್ನೂ ಕೃತಕವಾಗಿ ಕಟ್ಟಬೇಕಾಗುತ್ತದೆ. ಮೈದಾನದ ವೆಚ್ಚವೂ ಅದರಿಂದ ಸುತ್ತಲಿನ ಬೇಸಾಯಕ್ಕೆ ಬೀಳುವ ಹೊರೆಯೂ ಈ ಕಟ್ಟುವಿಕೆಯಲ್ಲೇ ಅಡಗಿವೆ.

ಭಾರತದಲ್ಲಿ ಮೊದಲ ಗಾಲ್ಫ್ ಕ್ಲಬ್ ಕೋಲ್ಕತ್ತದಲ್ಲಿ 1829ರಲ್ಲಿ ಸ್ಥಾಪನೆಯಾಯಿತು. ನಮ್ಮ ರಾಜ್ಯದಲ್ಲಿ ಬೆಂಗಳೂರು ಗಾಲ್ಫ್ ಕ್ಲಬ್ 1876ರಷ್ಟು ಹಳೆಯದು. ಕೋಲಾರದ ಚಿನ್ನದ ಗಣಿಗಳಲ್ಲಿಯೂ ಬ್ರಿಟಿಷರು ಈ ಆಟವನ್ನು ಆಡುತ್ತಿದ್ದರು. ಬೆಂಗಳೂರಿನ ಕರ್ನಾಟಕ ಗಾಲ್ಫ್ ಅಸೋಸಿಯೇಷನ್‌ನ ಮೈದಾನವನ್ನು ವಿನ್ಯಾಸಗೊಳಿಸಿದವರು ಬ್ರಿಟಿಷ್ ಓಪನ್ ಪಂದ್ಯಾವಳಿಯನ್ನು ಐದು ಬಾರಿ ಗೆದ್ದ ಆಸ್ಟ್ರೇಲಿಯಾದ ಪೀಟರ್ ಥಾಮ್ಸನ್. ಆ ಮೈದಾನವು ಹಿಂದೆ ಚಲ್ಲಘಟ್ಟ ಕೆರೆಯಿದ್ದ ಜಾಗದಲ್ಲಿದೆ. ಕೆರೆಯ ಅಂಗಳವು ಸಮತಟ್ಟಾಗಿ, ವಿಶಾಲವಾಗಿ, ಒಡೆತನದ ತಕರಾರಿಲ್ಲದೆ ದೊರೆಯುವುದರಿಂದ ದೊಡ್ಡ ಯೋಜನೆಗಳ ಕಣ್ಣು ಮೊದಲು ಅದರ ಮೇಲೆ ಬೀಳುತ್ತದೆ ಎಂಬುದನ್ನು ಕೆರೆಯಂಚಿನ ಗ್ರಾಮಗಳು ನೆನಪಿನಲ್ಲಿಡಬೇಕು.

ಮೈದಾನದ ಅಂಗಾಂಗಗಳು

18 ಕುಳಿಗಳ ಪೂರ್ಣ ಮೈದಾನಕ್ಕೆ ಸಾಮಾನ್ಯವಾಗಿ 120ರಿಂದ 180 ಎಕರೆ ಭೂಮಿ ಬೇಕು. ಪ್ರತಿ ಕುಳಿಯ ಪಥದಲ್ಲಿ ಈ ಕೆಳಗಿನ ಭಾಗಗಳಿರುತ್ತವೆ.

1. ಟೀ: ಚೆಂಡನ್ನು ಮೊದಲು ಹೊಡೆಯುವ ಎತ್ತರದ, ಸಮತಟ್ಟಾದ ಕಟ್ಟೆ.
2. ಫೇರ್‌ವೇ: ಟೀಯಿಂದ ಗುರಿಯವರೆಗಿನ ಹುಲ್ಲಿನ ಪಟ್ಟಿ. ಹುಲ್ಲಿನ ಎತ್ತರ 10ರಿಂದ 15 ಮಿ.ಮೀ. 18 ಪಥಗಳು ಸೇರಿ 25ರಿಂದ 35 ಎಕರೆ.
3. ಗ್ರೀನ್: ಕುಳಿ ಇರುವ ನುಣುಪಾದ ಹಾಸು. ಹುಲ್ಲಿನ ಎತ್ತರ ಕೇವಲ 3ರಿಂದ 4 ಮಿ.ಮೀ. ಒಂದೊಂದು ಗ್ರೀನ್ ಸುಮಾರು 500 ಚದರ ಮೀಟರ್. ಕುಳಿಯ ವ್ಯಾಸ 108 ಮಿ.ಮೀ.
4. ರಫ್: ಪಥದ ಎರಡೂ ಬದಿಯ ಎತ್ತರದ ಹುಲ್ಲು, ಪೊದೆ ಮತ್ತು ಮರಗಳು.
5. ಅಡೆತಡೆಗಳು: ಮರಳುಗುಂಡಿಗಳು ಮತ್ತು ಹೊಂಡಗಳು.

ವಿನ್ಯಾಸಕನು ಮೊದಲು ಕೈಗೆತ್ತಿಕೊಳ್ಳುವುದು ಸಮಪಾತಳಿ ರೇಖೆಗಳ ನಕ್ಷೆಯನ್ನು. ಮಳೆನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ, ಗಾಳಿ ಯಾವ ತಿಂಗಳಲ್ಲಿ ಯಾವ ದಿಕ್ಕಿನಿಂದ ಬೀಸುತ್ತದೆ, ಸಂಜೆಯ ಬಿಸಿಲು ಆಟಗಾರನ ಕಣ್ಣಿಗೆ ಬೀಳುತ್ತದೆಯೇ ಎಂಬುದನ್ನು ನೋಡಿದ ಬಳಿಕವೇ ಪಥಗಳನ್ನು ಗುರುತಿಸುತ್ತಾನೆ. ಒಂದನೆಯ ಮತ್ತು ಹತ್ತನೆಯ ಪಥಗಳು ಕ್ಲಬ್ ಕಟ್ಟಡದ ಬಳಿ ಆರಂಭವಾಗಿ, ಒಂಬತ್ತನೆಯ ಮತ್ತು ಹದಿನೆಂಟನೆಯವು ಮರಳಿ ಅಲ್ಲಿಗೇ ಬರುವಂತೆ ಯೋಜಿಸುವುದು ವಾಡಿಕೆ. ಉತ್ತಮ ವಿನ್ಯಾಸಕನು ಇರುವ ದಿಬ್ಬ, ಬಂಡೆ ಮತ್ತು ಮರಗಳನ್ನು ಉಳಿಸಿಕೊಂಡು ಮಣ್ಣನ್ನು ಕನಿಷ್ಠ ಪ್ರಮಾಣದಲ್ಲಿ ಸರಿಸುತ್ತಾನೆ. ಹೊಸ ತೋಟ ಮಾಡುವ ರೈತನೂ ಇದೇ ಕ್ರಮವನ್ನು ಅನುಸರಿಸತಕ್ಕದ್ದು: ಮೊದಲು ನೀರಿನ ಹರಿವು, ಅನಂತರ ಸಾಲುಗಳು.

ಗ್ರೀನಿನ ಒಡಲು: ತೂಗುನೀರಿನ ತತ್ತ್ವ

ಮೈದಾನದ ಅತ್ಯಂತ ದುಬಾರಿಯಾದ ಭಾಗ ಗ್ರೀನ್. ಅಮೆರಿಕದ ಗಾಲ್ಫ್ ಸಂಸ್ಥೆಯು 1960ರಲ್ಲಿ ಪ್ರಕಟಿಸಿದ ನಿರ್ಮಾಣ ಕ್ರಮವನ್ನು, ಕಾಲಕಾಲಕ್ಕೆ ಆದ ತಿದ್ದುಪಡಿಗಳೊಂದಿಗೆ, ಇಂದಿಗೂ ಬಹಳ ಕಡೆ ಅನುಸರಿಸುತ್ತಾರೆ. ಅದರಂತೆ ತಳದಲ್ಲಿ 10 ಸೆಂ.ಮೀ. ವ್ಯಾಸದ ರಂಧ್ರಯುಕ್ತ ಕೊಳವೆಗಳನ್ನು 4.5 ಮೀಟರಿಗಿಂತ ಹೆಚ್ಚು ಅಂತರವಿಲ್ಲದಂತೆ, ಮೀನಿನ ಮುಳ್ಳಿನ ಆಕಾರದಲ್ಲಿ ಹೂಳುತ್ತಾರೆ. ಅದರ ಮೇಲೆ 10 ಸೆಂ.ಮೀ. ಜಲ್ಲಿ, ಅದರ ಮೇಲೆ 30 ಸೆಂ.ಮೀ. ಮರಳು ಪ್ರಧಾನವಾದ ಬೇರಿನ ಪದರ. ಈ ಮರಳಿನಲ್ಲಿ ಶೇ. 60ಕ್ಕೂ ಹೆಚ್ಚು ಕಣಗಳು 0.25ರಿಂದ 1 ಮಿ.ಮೀ. ಗಾತ್ರದವಾಗಿರಬೇಕು, ಜೇಡಿ ಶೇ. 3ನ್ನು ಮೀರಬಾರದು. ಗಂಟೆಗೆ 150 ಮಿ.ಮೀ.ನಷ್ಟು ನೀರನ್ನು ಈ ಪದರವು ಇಂಗಿಸಬಲ್ಲದು.

ಇಲ್ಲೊಂದು ವಿಶೇಷವಿದೆ. ಮರಳಿನ ಕೆಳಗೆ ಜಲ್ಲಿ ಇದ್ದರೆ ನೀರು ಕೂಡಲೇ ಕೆಳಗಿಳಿಯುತ್ತದೆಂದು ನಾವು ಭಾವಿಸುತ್ತೇವೆ. ವಾಸ್ತವದಲ್ಲಿ ಸಣ್ಣ ರಂಧ್ರಗಳ ಪದರವು ನೀರನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ; ಕೆಳಗಿನ ದೊಡ್ಡ ರಂಧ್ರಗಳಿಗೆ ಅದನ್ನು ಎಳೆಯುವ ಶಕ್ತಿಯಿಲ್ಲ. ಮರಳಿನ ತಳಭಾಗವು ಬಹುತೇಕ ತುಂಬಿ, ನೀರಿನ ಭಾರ ಹೆಚ್ಚಿದ ಮೇಲೆಯೇ ಅದು ಜಲ್ಲಿಗೆ ಇಳಿಯುತ್ತದೆ. ಇದನ್ನು ತೂಗುನೀರಿನ ಮಟ್ಟವೆನ್ನಬಹುದು. ಮಳೆ ಜೋರಾದಾಗ ನೀರು ಬಸಿದುಹೋಗುತ್ತದೆ, ಬಿಸಿಲಿನಲ್ಲಿ ಬೇರಿಗೆ ಸ್ವಲ್ಪ ತೇವ ಉಳಿಯುತ್ತದೆ. ಇದೇ ಆ ವಿನ್ಯಾಸದ ಜಾಣ್ಮೆ.

ಈ ತತ್ತ್ವದಿಂದ ರೈತರಿಗೆ ಎರಡು ಪಾಠಗಳಿವೆ. ಮೊದಲನೆಯದು, ಸಸಿ ಬೆಳೆಸುವ ಕುಂಡ ಅಥವಾ ಚೀಲದ ತಳಕ್ಕೆ ಜಲ್ಲಿ ತುಂಬುವುದರಿಂದ ಬಸಿಯುವಿಕೆ ಸುಧಾರಿಸುವುದಿಲ್ಲ. ತೂಗುನೀರು ಇನ್ನೂ ಮೇಲಕ್ಕೆ, ಬೇರಿನ ಹತ್ತಿರಕ್ಕೆ ಬರುತ್ತದೆ. ಅದರ ಬದಲು ಇಡೀ ಮಿಶ್ರಣವನ್ನೇ ಸಡಿಲಗೊಳಿಸಬೇಕು. ಎರಡನೆಯದು, ತುಂಗಭದ್ರಾ ಅಚ್ಚುಕಟ್ಟಿನ ಕಪ್ಪು ಮಣ್ಣಿನಲ್ಲಿ ಜೌಗು ಮತ್ತು ಸವುಳು ಕಂಡಲ್ಲಿ ಮೇಲ್ಮಣ್ಣಿಗೆ ಮರಳು ಎರಚುವುದು ಪರಿಹಾರವಲ್ಲ. ಹೆಚ್ಚುವರಿ ನೀರಿಗೆ ಹೊರಹೋಗುವ ದಾರಿ ಬೇಕು. ತೆರೆದ ಬಸಿಗಾಲುವೆಯೋ ನೆಲದೊಳಗಿನ ರಂಧ್ರಯುಕ್ತ ಕೊಳವೆಯೋ ಯಾವುದು ನಿಮ್ಮ ಹೊಲಕ್ಕೆ ತಕ್ಕದ್ದು ಎಂಬುದನ್ನು ಮಣ್ಣು ಪರೀಕ್ಷೆಯ ನಂತರ ನಿರ್ಧರಿಸಬೇಕು. ಈ ವಿಷಯದಲ್ಲಿ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವುಳು ಮಣ್ಣಿನ ನಿರ್ವಹಣೆಯ ಸಂಶೋಧನೆ ನಡೆಯುತ್ತದೆ. ಅಲ್ಲಿಯ ತಜ್ಞರ ಸಲಹೆಯನ್ನು ಪಡೆಯಿರಿ.

ಮರಳಿನ ಲೆಕ್ಕವನ್ನೂ ನೋಡಿ. 500 ಚದರ ಮೀಟರಿನ 18 ಗ್ರೀನ್‌ಗಳಿಗೆ 30 ಸೆಂ.ಮೀ. ದಪ್ಪದ ಪದರ ಹಾಕಲು 2,700 ಘನ ಮೀಟರ್ ಮರಳು ಬೇಕು. ಒಂದು ಟಿಪ್ಪರಿಗೆ 6 ಘನ ಮೀಟರಿನಂತೆ ಇದು 450 ಲೋಡು. ಇದರಲ್ಲಿ ಟೀಗಳೂ ಮರಳುಗುಂಡಿಗಳೂ ಸೇರಿಲ್ಲ. ಹಳ್ಳದ ಮರಳು ಮಳೆನೀರನ್ನು ಹಿಡಿದಿಟ್ಟು ದಂಡೆಯ ಬಾವಿಗಳಿಗೆ ಉಣಿಸುವ ಬಟ್ಟಲು. ಆದ್ದರಿಂದ ಈ ಮರಳು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ಹಳ್ಳದ ದಂಡೆಯ ರೈತರಿಗೆ ಸಂಬಂಧಪಟ್ಟ ಪ್ರಶ್ನೆಯೇ ಆಗಿದೆ.

ಗರಿಕೆ: ಹೊಲದಲ್ಲಿ ಕಳೆ, ಮೈದಾನದಲ್ಲಿ ಬೆಳೆ

ಉಷ್ಣ ಪ್ರದೇಶಗಳ ಗಾಲ್ಫ್ ಮೈದಾನಗಳಲ್ಲಿ ಹೆಚ್ಚಾಗಿ ಬೆಳೆಸುವ ಬರ್ಮುಡಾ ಹುಲ್ಲು ಬೇರೆ ಯಾವುದೂ ಅಲ್ಲ, ಗಣೇಶನಿಗೆ ಏರಿಸುವ ನಮ್ಮ ಗರಿಕೆಯ ಜಾತಿಯದೇ. ಹೊಲದಲ್ಲಿ ನಾವು ಯಾವುದನ್ನು ಅಗೆದು ಬದುವಿಗೆ ಎಸೆಯುತ್ತೇವೆಯೋ ಅದನ್ನೇ ಮೈದಾನದಲ್ಲಿ ಪೋಷಿಸುತ್ತಾರೆ. ಗರಿಕೆಯ ಕಾಂಡ ನೆಲದ ಮೇಲೂ ಒಳಗೂ ಹರಿದು ಗಿಣ್ಣುಗಿಣ್ಣಿಗೆ ಬೇರು ಬಿಡುತ್ತದೆ. ಬಿಸಿಲು ತಡೆಯುತ್ತದೆ, ತುಳಿತ ತಡೆಯುತ್ತದೆ, ಕತ್ತರಿಸಿದಷ್ಟೂ ದಟ್ಟವಾಗುತ್ತದೆ.

ಮೈದಾನದ ತಳಿಗಳಲ್ಲಿ ಹಲವು ಅಮೆರಿಕದ ಜಾರ್ಜಿಯಾ ರಾಜ್ಯದ ಟಿಫ್ಟನ್ ಸಂಶೋಧನಾ ಕೇಂದ್ರದಲ್ಲಿ ಡಾ. ಗ್ಲೆನ್ ಬರ್ಟನ್ ಅವರ ಕೆಲಸದಿಂದ ಬಂದವು. 1956ರ ಟಿಫ್‌ಗ್ರೀನ್, 1960ರ ಟಿಫ್‌ವೇ, 1965ರ ಟಿಫ್‌ಡ್ವಾರ್ಫ್ ಇವುಗಳಲ್ಲಿ ಮುಖ್ಯವಾದವು. ಸಾಮಾನ್ಯ ಗರಿಕೆ ಮತ್ತು ಆಫ್ರಿಕಾದ ನವಿರಾದ ಗರಿಕೆಯ ಸಂಕರದಿಂದ ಹುಟ್ಟಿದ ಇವು ಬೀಜ ಕಟ್ಟುವುದಿಲ್ಲ. ಕಾಂಡದ ತುಂಡುಗಳಿಂದಲೇ ವೃದ್ಧಿಯಾಗುತ್ತವೆ.

ಇದೇ ಬರ್ಟನ್ ಅವರ ಹೆಸರು ನಮ್ಮ ಸಜ್ಜೆಯ ಇತಿಹಾಸದಲ್ಲಿಯೂ ಇದೆ. ಟಿಫ್ಟನ್‌ನಲ್ಲಿ ಅವರು ಅಭಿವೃದ್ಧಿಪಡಿಸಿದ ಟಿಫ್ಟ್ 23ಎ ಎಂಬ ಗಂಡುಬಂಜೆ ಸಾಲನ್ನು ಬಳಸಿ ಲೂಧಿಯಾನದಲ್ಲಿ ಎಚ್‌ಬಿ-1 ಎಂಬ ಭಾರತದ ಮೊದಲ ಸಜ್ಜೆ ಸಂಕರಣ ತಳಿಯನ್ನು ರೂಪಿಸಿ 1965ರಲ್ಲಿ ಬಿಡುಗಡೆ ಮಾಡಲಾಯಿತು. ಇಳುವರಿ ಏರಿತು. ಆದರೆ ದೇಶದ ಬಹುಭಾಗದಲ್ಲಿ ಒಂದೇ ತಾಯಿಸಾಲಿನ ತಳಿಗಳು ಹರಡಿದ್ದರಿಂದ 1970ರ ದಶಕದಲ್ಲಿ ಕೇದಿಗೆ ರೋಗವು ಬೆಳೆಯನ್ನು ತೀವ್ರವಾಗಿ ಬಾಧಿಸಿತು. ಹುಲ್ಲಿಗೂ ಧಾನ್ಯಕ್ಕೂ ಪಾಠ ಒಂದೇ: ಒಂದೇ ತಳಿಯನ್ನು ಎಲ್ಲೆಡೆ ಹರಡಿದರೆ ರೋಗಕ್ಕೆ ಹೆದ್ದಾರಿ ತೆರೆದಂತೆ.

ನೀರಿನ ಲೆಕ್ಕ

ಹೊಸಪೇಟೆ ತಾಲ್ಲೂಕು ರಾಜ್ಯದ ಉತ್ತರ ಒಣ ವಲಯಕ್ಕೆ ಸೇರಿದೆ. ಈ ವಲಯದ ವಾರ್ಷಿಕ ಮಳೆ ಸುಮಾರು 465ರಿಂದ 785 ಮಿ.ಮೀ. ಕಡುಬೇಸಿಗೆಯಲ್ಲಿ ಗರಿಕೆಯ ಹಾಸಿಗೆ ದಿನಕ್ಕೆ 4 ಮಿ.ಮೀ.ಗೂ ಹೆಚ್ಚು ನೀರು ಬೇಕಾಗುತ್ತದೆ. ತುಂತುರು ನೀರಾವರಿಯ ನಷ್ಟವನ್ನು ಸೇರಿಸಿ 5 ಮಿ.ಮೀ. ಎಂದು ಹಿಡಿಯೋಣ. ಒಂದು ಎಕರೆಯ ಮೇಲೆ 1 ಮಿ.ಮೀ. ನೀರೆಂದರೆ 4,047 ಲೀಟರ್. ಪೂರ್ಣ ಮೈದಾನದಲ್ಲಿ 50 ಎಕರೆಗೆ ಮಾತ್ರ ನೀರುಣಿಸಿದರೂ ದಿನಕ್ಕೆ 10 ಲಕ್ಷ ಲೀಟರ್ ಆಗುತ್ತದೆ.

ಈ ಅಂಕಿಯನ್ನು ಕಂಡು ಬೆಚ್ಚುವ ಮೊದಲು ನಮ್ಮ ಬೆಳೆಯನ್ನೂ ಅದೇ ತಕ್ಕಡಿಯಲ್ಲಿಟ್ಟು ತೂಗಬೇಕು. ಒಂದು ಬೆಳೆ ಭತ್ತಕ್ಕೆ ಸುಮಾರು 1,200 ಮಿ.ಮೀ. ನೀರು ಬೇಕು, ಅಂದರೆ ಎಕರೆಗೆ 48 ಲಕ್ಷ ಲೀಟರಿಗೂ ಮಿಗಿಲು. ಗರಿಕೆಯ ಹಾಸಿಗೆ ಮಳೆಯನ್ನು ಬಿಟ್ಟು ಇಡೀ ವರ್ಷಕ್ಕೆ ಬೇಕಾಗುವ ನೀರು ಅಂದಾಜು 1,000 ಮಿ.ಮೀ. ಎಕರೆಗೆ ಎಕರೆಯನ್ನು ಹೋಲಿಸಿದರೆ ಹುಲ್ಲು ಭತ್ತಕ್ಕಿಂತ ಹೆಚ್ಚು ಕುಡಿಯುವುದಿಲ್ಲ ಎಂಬುದನ್ನು ಪ್ರಾಮಾಣಿಕವಾಗಿ ಒಪ್ಪಬೇಕು.

ಹಾಗಾದರೆ ಆತಂಕ ಎಲ್ಲಿದೆ? ನೀರಿನ ಮೂಲದಲ್ಲಿ ಮತ್ತು ಕಾಲದಲ್ಲಿ. ಭತ್ತದ ಗದ್ದೆಗೆ ಕಾಲುವೆಯ ನೀರು ಸರದಿಯಂತೆ ಬರುತ್ತದೆ. ಕಾಲುವೆ ನಿಂತಾಗ ಗದ್ದೆಯೂ ವಿರಮಿಸುತ್ತದೆ. ಗ್ರೀನಿನ ಹುಲ್ಲಿಗೆ ವಿರಾಮವಿಲ್ಲ. 3 ಮಿ.ಮೀ. ಎತ್ತರಕ್ಕೆ ಕತ್ತರಿಸಿದ ಹುಲ್ಲಿನ ಬೇರು ಆಳಕ್ಕೆ ಇಳಿದಿರುವುದಿಲ್ಲ. ಏಪ್ರಿಲ್ ತಿಂಗಳಲ್ಲಿ ಕೆಲವೇ ದಿನ ನೀರು ತಪ್ಪಿದರೂ ಹಾಸು ಸುಟ್ಟುಹೋಗುತ್ತದೆ. ಕಾಲುವೆ ಒಣಗಿದ ದಿನಗಳಲ್ಲಿಯೇ ಅದಕ್ಕೆ ಹೆಚ್ಚು ನೀರು ಬೇಕು. ಆಗ ಉಳಿಯುವ ದಾರಿ ಕೊಳವೆಬಾವಿ. ಗಂಟೆಗೆ 9,000 ಲೀಟರ್ ಕೊಡುವ ಕೊಳವೆಬಾವಿಯನ್ನು ದಿನಕ್ಕೆ 7 ಗಂಟೆ ಓಡಿಸಿದರೆ 63,000 ಲೀಟರ್ ದೊರೆಯುತ್ತದೆ. 10 ಲಕ್ಷ ಲೀಟರಿಗೆ ಅಂತಹ 16 ಕೊಳವೆಬಾವಿಗಳು ಬೇಕು. ಈ ಭಾಗದ ಗಟ್ಟಿಶಿಲೆಯಲ್ಲಿ ನೀರಿರುವುದು ಬಿರುಕುಗಳಲ್ಲಿ ಮಾತ್ರ. ಒಂದೇ ಬಿರುಕಿನಿಂದ ಹಲವರು ಎಳೆದರೆ ಆಳವಾಗಿ ಕೊರೆದವನಿಗೆ ನೀರು ಸಿಗುತ್ತದೆ, ಮೊದಲು ಕೊರೆದವನ ಬಾವಿ ಬತ್ತುತ್ತದೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಕ್ರೆಸ್ಟ್ ಗೇಟು ಕೊಚ್ಚಿಹೋದಾಗ ತುಂಬಿದ ಜಲಾಶಯವು ಕಣ್ಣೆದುರೇ ಬರಿದಾಗುವುದೋ ಎಂಬ ಭೀತಿಯನ್ನು ನೀವೆಲ್ಲರೂ ಅನುಭವಿಸಿದ್ದೀರಿ. ಹರಿಯುವ ನೀರಿನಲ್ಲಿಯೇ ತಡೆಹಲಗೆಗಳನ್ನು ಇಳಿಸಿ ಉಳಿದ ನೀರನ್ನು ಕಾಯ್ದುಕೊಳ್ಳಲಾಯಿತು. ಕಾಲುವೆಯ ನೀರು ಶಾಶ್ವತವಾದ ಹಕ್ಕೆಂದು ನಂಬಿ ಅಂತರ್ಜಲವನ್ನು ಕೈಬಿಡಲಾಗದು ಎಂಬುದನ್ನು ಆ ದಿನಗಳು ತೋರಿಸಿವೆ. ಅಂತರ್ಜಲವು ಈ ಭಾಗದ ರೈತನ ಆಪದ್ಧನ.

ಪರಿಹಾರವೂ ಇದೆ. ಒಬ್ಬ ನಗರವಾಸಿಯು ದಿನಕ್ಕೆ ಬಳಸಿ ಬಿಡುವ ನೀರು ಸುಮಾರು 100 ಲೀಟರ್. 10,000 ಜನರ ಬಳಕೆನೀರು 10 ಲಕ್ಷ ಲೀಟರ್. 2011ರ ಜನಗಣತಿಯಂತೆ ಹೊಸಪೇಟೆಯ ಜನಸಂಖ್ಯೆ ಎರಡು ಲಕ್ಷಕ್ಕೂ ಹೆಚ್ಚು. ಸಂಸ್ಕರಿಸಿದ ನಗರದ ನೀರಿನಿಂದ ಹುಲ್ಲುಹಾಸನ್ನು ಬೆಳೆಸುವುದು ಜಗತ್ತಿನ ಅನೇಕ ಮೈದಾನಗಳಲ್ಲಿ ರೂಢಿಯಲ್ಲಿರುವ ಕ್ರಮ. ಇನ್ನೂ ಸರಳವಾದ ದಾರಿಯೆಂದರೆ ಒಂಬತ್ತೇ ಕುಳಿಗಳ ಚಿಕ್ಕ ಮೈದಾನ, ರಫ್‌ನಲ್ಲಿ ನೀರು ಕೇಳದ ನಾಟಿ ಹುಲ್ಲು. ತೀರಾ ಒಣ ಪ್ರದೇಶಗಳಲ್ಲಿ ಹಸಿರು ಗ್ರೀನಿನ ಬದಲು ಮರಳನ್ನು ಹದಗೊಳಿಸಿ ಮಾಡಿದ ಬ್ರೌನ್‌ಗಳ ಮೇಲೆ ಆಡುವ ಪದ್ಧತಿಯೂ ಉಂಟು.

ಹುಲ್ಲುಹಾಸಿನ ಬೇಸಾಯ: ಲಾಭದೊಳಗಿನ ನಷ್ಟ

ಹೋಟೆಲು ಮತ್ತು ವಿಶ್ರಾಂತಿಧಾಮಗಳ ಬೇಡಿಕೆಯಿಂದ ಹುಲ್ಲುಹಾಸನ್ನು ಬೆಳೆದು ಮಾರುವ ಅವಕಾಶವಿದೆ. ಬೇಸಾಯ ಕ್ರಮ ಕಷ್ಟದ್ದಲ್ಲ. ಭೂಮಿಯನ್ನು ಹದಗೊಳಿಸಿ, ಕಲ್ಲು ಮತ್ತು ಜೇಕಿನಂತಹ ಬಹುವಾರ್ಷಿಕ ಕಳೆಗಳನ್ನು ಆರಿಸಿ ತೆಗೆದು, ಎರಡು ಬಾರಿ ನೀರು ಹಾಯಿಸಿ ಮೊಳೆತ ಕಳೆಯನ್ನು ನಾಶಪಡಿಸಬೇಕು. ಎರಡು ಮೂರು ಗಿಣ್ಣುಗಳಿರುವ ಕಾಂಡದ ತುಂಡುಗಳನ್ನು 10 ಸೆಂ.ಮೀ. ಅಂತರದಲ್ಲಿ ನಾಟಿ ಮಾಡಿ, ತೆಳುವಾಗಿ ಮಣ್ಣು ಮುಚ್ಚಿ, ಹಗುರವಾದ ಉರುಳೆ ಹಾಯಿಸಬೇಕು. ಬೇರೂರುವವರೆಗೆ ಮೇಲ್ಮಣ್ಣು ಒಣಗದಂತೆ ಸ್ವಲ್ಪ ಸ್ವಲ್ಪವಾಗಿ ನೀರು ಕೊಡಬೇಕು. ನಾಲ್ಕು ವಾರಗಳ ಬಳಿಕ ಮೊದಲ ಕಟಾವು. ಅನಂತರ ಪ್ರತಿ ಬಾರಿಯೂ ಎಲೆಯ ಎತ್ತರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು. ಋತುವನ್ನು ಅವಲಂಬಿಸಿ ಮೂರರಿಂದ ಆರು ತಿಂಗಳಲ್ಲಿ ಹಾಸು ಸಿದ್ಧವಾಗುತ್ತದೆ.

ಆದರೆ ಹಾಸನ್ನು ಚೌಕಗಳಾಗಿ ಕತ್ತರಿಸಿ ಮಾರುವಾಗ ಹುಲ್ಲಿನ ಜೊತೆಗೆ ಮಣ್ಣೂ ಹೋಗುತ್ತದೆ. 2 ಸೆಂ.ಮೀ. ದಪ್ಪಕ್ಕೆ ಕತ್ತರಿಸಿದರೆ ಒಂದು ಎಕರೆಯಿಂದ 81 ಘನ ಮೀಟರ್, ಅಂದರೆ 100 ಟನ್ನಿಗೂ ಹೆಚ್ಚು ಮೇಲ್ಮಣ್ಣು ಪ್ರತಿ ಕಟಾವಿಗೂ ಹೊರಗೆ ಸಾಗುತ್ತದೆ. ವರ್ಷಕ್ಕೆ ಎರಡು ಕಟಾವಿನಂತೆ ಐದು ವರ್ಷಗಳಲ್ಲಿ 20 ಸೆಂ.ಮೀ. ಇಳಿಯುತ್ತದೆ. ನೇಗಿಲು ತಿರುವುವ ಫಲವತ್ತಾದ ಮಣ್ಣಿನ ಆಳವೇ ಅಷ್ಟು. ತಲೆಮಾರುಗಳು ಗೊಬ್ಬರ ಹಾಕಿ ಕಟ್ಟಿದ ಈ ಪದರವನ್ನು ಚೀಲದ ಲೆಕ್ಕದಲ್ಲಿ ಯಾರೂ ಕೊಳ್ಳುವುದಿಲ್ಲ, ಹುಲ್ಲಿನ ಬೆಲೆಯಲ್ಲಿ ಅದು ಪುಕ್ಕಟೆಯಾಗಿ ಹೋಗುತ್ತದೆ. ಆದ್ದರಿಂದ ಈ ಕೆಳಗಿನ ಕ್ರಮಗಳನ್ನು ಅನುಸರಿಸಿ.

• ಬಾಳೆ, ಕಬ್ಬು ಬೆಳೆಯುವ ಉತ್ತಮ ನೀರಾವರಿ ಭೂಮಿಯಲ್ಲಿ ಹುಲ್ಲುಹಾಸನ್ನು ಬೆಳೆಯಬೇಡಿ.
• ಗರಿಕೆಯು ಸವುಳನ್ನು ಚೆನ್ನಾಗಿ ತಾಳುತ್ತದೆ. ಮಣ್ಣಿನ ಲವಣಾಂಶ 6.9 ಡೆಸಿಸೀಮನ್ಸ್ ತಲುಪುವವರೆಗೆ ಅದರ ಬೆಳವಣಿಗೆ ಕುಂದುವುದಿಲ್ಲ. ಭತ್ತಕ್ಕೆ ಈ ಮಿತಿ 3.0, ಕಬ್ಬಿಗೆ 1.7. ಬೇರೆ ಬೆಳೆ ಬಾರದ ಸವುಳು ಅಂಚುಗಳೇ ಗರಿಕೆಗೆ ತಕ್ಕ ಜಾಗ.
• ಸಾಧ್ಯವಾದಲ್ಲಿ ಚೌಕಗಳ ಬದಲು ಕಾಂಡದ ತುಂಡುಗಳನ್ನೇ ಚೀಲದಲ್ಲಿ ಮಾರಿ. ಮಣ್ಣು ಹೊಲದಲ್ಲಿಯೇ ಉಳಿಯುತ್ತದೆ, ಸಾಗಣೆಯೂ ಹಗುರ.
• ಚೌಕಗಳೇ ಬೇಕೆಂದರೆ ನೆಲದ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ತೆಂಗಿನ ನಾರಿನ ಪುಡಿ, ಮರಳು ಮತ್ತು ಕಾಂಪೋಸ್ಟಿನ ತೆಳುವಾದ ಮಿಶ್ರಣದಲ್ಲಿ ಬೆಳೆಸಿ.
• ಹುಲ್ಲಿನ ತಾಕಿನ ಸುತ್ತ ಒಂದು ಅಡಿ ಆಳದ ಕಂದಕ ತೆಗೆದು ತಿಂಗಳಿಗೊಮ್ಮೆ ಶುಚಿಗೊಳಿಸಿ. ಕತ್ತರಿಸಿದ ತುಂಡುಗಳನ್ನು ಕಾಲುವೆಗೆ ಎಸೆಯಬೇಡಿ. ಕೆಳಗಿನ ರೈತನ ಗದ್ದೆಯಲ್ಲಿ ಅವು ಕಳೆಯಾಗುತ್ತವೆ.
• ಕೊಳ್ಳುವವರೊಂದಿಗೆ ಬೆಲೆ ಮತ್ತು ಪ್ರಮಾಣವನ್ನು ಲಿಖಿತವಾಗಿ ಒಪ್ಪಿಕೊಂಡ ಮೇಲೆಯೇ ನಾಟಿ ಮಾಡಿ. ಮಾರಾಟವಾಗದೆ ಉಳಿದ ಗರಿಕೆಯನ್ನು ಹೊಲದಿಂದ ತೆಗೆಯುವುದು ಎಷ್ಟು ಕಷ್ಟವೆಂದು ನಿಮಗೆ ಹೇಳಬೇಕಾಗಿಲ್ಲ.

ಮೈದಾನದಿಂದ ಹೊಲಕ್ಕೆ ಒಂದು ಪರೀಕ್ಷೆ

ಮೈದಾನದ ನಿರ್ವಾಹಕರು ತುಂತುರು ನೀರು ಎಲ್ಲೆಡೆ ಸಮವಾಗಿ ಬೀಳುತ್ತಿದೆಯೇ ಎಂದು ಡಬ್ಬಿಗಳನ್ನಿಟ್ಟು ಅಳೆಯುತ್ತಾರೆ. ಶೇಂಗಾ ಅಥವಾ ತರಕಾರಿಗೆ ತುಂತುರು ನೀರಾವರಿ ಮಾಡುವ ನೀವೂ ಇದನ್ನು ಖರ್ಚಿಲ್ಲದೆ ಮಾಡಬಹುದು.

1. ಒಂದೇ ಅಳತೆಯ, ನೇರ ಗೋಡೆಯ 16 ಡಬ್ಬಿಗಳನ್ನು ಎರಡು ತುಂತುರು ಸಾಲುಗಳ ನಡುವೆ ಸಮಾನ ಅಂತರದಲ್ಲಿಡಿ.
2. ಗಾಳಿ ಕಡಿಮೆಯಿರುವ ಮುಂಜಾನೆ ಒಂದು ಗಂಟೆ ನೀರು ಹಾಯಿಸಿ.
3. ಪ್ರತಿ ಡಬ್ಬಿಯ ನೀರಿನ ಎತ್ತರವನ್ನು ಮಿ.ಮೀ.ನಲ್ಲಿ ಅಳೆದು ಬರೆದುಕೊಳ್ಳಿ. ಹದಿನಾರರ ಸರಾಸರಿ ತೆಗೆಯಿರಿ.
4. ಅತ್ಯಂತ ಕಡಿಮೆ ನೀರು ಬಿದ್ದ ನಾಲ್ಕು ಡಬ್ಬಿಗಳ ಸರಾಸರಿಯನ್ನು ಬೇರೆಯಾಗಿ ತೆಗೆದು, ಒಟ್ಟು ಸರಾಸರಿಯಿಂದ ಭಾಗಿಸಿ 100ರಿಂದ ಗುಣಿಸಿ.

ಉದಾಹರಣೆಗೆ ಒಟ್ಟು ಸರಾಸರಿ 12 ಮಿ.ಮೀ., ಕನಿಷ್ಠ ನಾಲ್ಕರ ಸರಾಸರಿ 8 ಮಿ.ಮೀ. ಆದರೆ ಸಮತೆ ಶೇ. 67. ಇದು ಶೇ. 75ಕ್ಕಿಂತ ಮೇಲಿದ್ದರೆ ಉತ್ತಮ. ಶೇ. 60ಕ್ಕಿಂತ ಕೆಳಗಿದ್ದರೆ ಸವೆದ ಮೂತಿಗಳನ್ನು ಬದಲಿಸಬೇಕು, ಒತ್ತಡವನ್ನು ಪರೀಕ್ಷಿಸಬೇಕು, ಸಾಲುಗಳ ಅಂತರವನ್ನು ಕಡಿಮೆ ಮಾಡಬೇಕು. ಸಮತೆ ಕಡಿಮೆಯಿದ್ದಲ್ಲಿ ಒಣಗಿದ ಮೂಲೆಯನ್ನು ತಣಿಸಲು ಇಡೀ ಹೊಲಕ್ಕೆ ಹೆಚ್ಚು ನೀರು ಸುರಿಯುತ್ತೇವೆ. ವಿದ್ಯುತ್ತೂ ಗೊಬ್ಬರವೂ ಅದರೊಂದಿಗೆ ಹರಿದುಹೋಗುತ್ತವೆ.

ಭೂಮಿ ಕೇಳಿ ಬಂದಾಗ

ಮೈದಾನಕ್ಕಾಗಲಿ ವಿಶ್ರಾಂತಿಧಾಮಕ್ಕಾಗಲಿ ಭೂಮಿಯನ್ನು ಮಾರುವುದು ಅಥವಾ ಗುತ್ತಿಗೆ ಕೊಡುವುದು ನಿಮ್ಮ ನಿರ್ಧಾರ. ಆ ನಿರ್ಧಾರಕ್ಕೆ ಮೊದಲು ಈ ಅಂಶಗಳನ್ನು ಪರಿಶೀಲಿಸಿ.

1. ನಿಮ್ಮ ಸರ್ವೆ ನಂಬರು ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ಯೋಜನಾ ವ್ಯಾಪ್ತಿಯಲ್ಲಿದೆಯೇ? ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಹೊಸ ಕಟ್ಟಡ ಮತ್ತು ಅಗೆತಕ್ಕೆ ಮುನ್ನ ಸಂಬಂಧಪಟ್ಟ ಕಚೇರಿಯಲ್ಲಿ ವಿಚಾರಿಸಿ.
2. ಕರ್ನಾಟಕ ಭೂಕಂದಾಯ ಅಧಿನಿಯಮ 1964ರ 95ನೆಯ ಪ್ರಕರಣದಂತೆ ಕೃಷಿ ಭೂಮಿಯ ಪರಿವರ್ತನೆ ಯಾರ ಹೊಣೆ? ಗುತ್ತಿಗೆ ಮುಗಿದಾಗ ಭೂಮಿಯನ್ನು ಉಳುಮೆಗೆ ತಕ್ಕಂತೆ ಹಿಂದಿರುಗಿಸುವ ಷರತ್ತು ಪತ್ರದಲ್ಲಿದೆಯೇ? ಮೇಲ್ಮಣ್ಣನ್ನು ಬೇರೆಯಾಗಿ ರಾಶಿ ಹಾಕಿ ಕಾಪಾಡುವ ಮಾತು ಇದೆಯೇ?
3. ನೀರಿನ ಮೂಲ ಯಾವುದು? ದಿನಕ್ಕೆ ಎಷ್ಟು? ಕೊಳವೆಬಾವಿಗಳಾದರೆ ಎಷ್ಟು, ಅಂತರ್ಜಲ ಪ್ರಾಧಿಕಾರದ ನಿಯಮಗಳು ಪಾಲನೆಯಾಗಿವೆಯೇ?
4. ಮೈದಾನದ ಹೊಂಡಗಳು ಯಾವ ಹಳ್ಳದ ನೀರನ್ನು ಹಿಡಿಯುತ್ತವೆ? 100 ಎಕರೆಯಿಂದ ಹರಿಯುವ 25 ಮಿ.ಮೀ. ಮಳೆನೀರು ಒಂದು ಕೋಟಿ ಲೀಟರ್. ಅದು ಕೆಳಗಿನ ಕೆರೆಗೆ ಹೋಗುತ್ತಿದ್ದ ನೀರಾಗಿದ್ದರೆ, ಹೆಚ್ಚುವರಿ ನೀರು ಹೊರಬೀಳುವ ಕೋಡಿ ಎಲ್ಲಿದೆ?
5. ಗ್ರೀನಿನ ಮರಳು ಸಾರಜನಕವನ್ನು ಹಿಡಿದಿಡುವುದಿಲ್ಲ. ಬಸಿದ ನೀರು ಎಲ್ಲಿಗೆ ಹೋಗುತ್ತದೆ? ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿ.ಗ್ರಾಂ. ಮೀರಬಾರದು. ಕೆಲಸ ಆರಂಭವಾಗುವ ಮೊದಲೇ ಸುತ್ತಲಿನ ಬಾವಿಗಳ ನೀರಿನ ಮಟ್ಟ ಮತ್ತು ಗುಣವನ್ನು ಪರೀಕ್ಷಿಸಿ ದಾಖಲಿಸಿಕೊಳ್ಳಿ. ಮೊದಲಿನ ದಾಖಲೆಯಿಲ್ಲದೆ ಅನಂತರದ ದೂರು ನಿಲ್ಲುವುದಿಲ್ಲ.
6. ಕೆಲಸ ಎಷ್ಟು ಜನರಿಗೆ, ಎಷ್ಟು ಕಾಲ? ಕಟ್ಟುವಾಗಿನ ಕೆಲಸವೇ ಬೇರೆ, ಕಟ್ಟಿದ ಮೇಲಿನ ಕೆಲಸವೇ ಬೇರೆ.

ವಿಸ್ತರಣಾ ಕಾರ್ಯಕರ್ತರಿಗೆ ಸೂಚನೆ

ಗ್ರಾಮಸಭೆಯಲ್ಲಿ ಇಂತಹ ವಿಷಯ ಬಂದಾಗ ಪರವಾಗಿಯೋ ವಿರೋಧವಾಗಿಯೋ ಮಾತನಾಡುವ ಬದಲು ಲೆಕ್ಕವನ್ನು ಮುಂದಿಡಿ. ಗ್ರಾಮದ ನಕ್ಷೆಯ ಮೇಲೆ ಕಾಲುವೆ, ಹಳ್ಳ, ಕೆರೆ, ತೆರೆದ ಬಾವಿ ಮತ್ತು ಕೊಳವೆಬಾವಿಗಳನ್ನು ಗುರುತಿಸಿ. ಮೇ ಮತ್ತು ನವೆಂಬರ್ ತಿಂಗಳುಗಳಲ್ಲಿ ಬಾವಿಗಳ ನೀರಿನ ಮಟ್ಟವನ್ನು ಅಳೆದು ಪುಸ್ತಕದಲ್ಲಿ ಬರೆಯುವ ಪದ್ಧತಿಯನ್ನು ರೈತ ಗುಂಪುಗಳಿಗೆ ಕಲಿಸಿ. ಬಂಡೆ ನೆಲವೆಂದು ಬಿಟ್ಟಿರುವ ಜಾಗಗಳು ಕುರಿಗಾರರ ಮೇವಿನ ನೆಲವೂ ಮಳೆನೀರು ಇಂಗುವ ನೆಲವೂ ಆಗಿರಬಹುದೆಂಬುದನ್ನು ಗಮನಕ್ಕೆ ತನ್ನಿ.

ಮಲಪನಗುಡಿಯಲ್ಲಿ ವಿಜಯನಗರ ಕಾಲದ ಕಲ್ಲಿನ ಬಾವಿಯೊಂದು ಇಂದಿಗೂ ಇದೆ. ದಾರಿಯಲ್ಲಿ ನಡೆದು ಬರುವವರಿಗೆ ನೀರು ಬೇಕು ಎಂದು ಅರಿತವರು ಅದನ್ನು ಕಟ್ಟಿಸಿದರು. ರಾಯ ಮತ್ತು ಬಸವಣ್ಣ ಕಾಲುವೆಗಳನ್ನು ತೆಗೆದವರೂ ನೆಲದ ಇಳಿಜಾರನ್ನು ಓದಿ, ಬಂಡೆಗಳನ್ನು ಬಳಸಿ, ನೀರನ್ನು ಅದರದೇ ದಾರಿಯಲ್ಲಿ ನಡೆಸಿದರು. ಈ ನೆಲದ ಮೇಲೆ ಹೊಸದಾಗಿ ಏನನ್ನು ಮಾಡುವುದಾದರೂ, ಅದು ಹೊಲವಾಗಲಿ ಹುಲ್ಲಿನ ಮೈದಾನವಾಗಲಿ, ಅದೇ ಓದಿನಿಂದ ಆರಂಭವಾಗಬೇಕು. ನಿಮ್ಮ ಹೊಲದ ಮಣ್ಣು ಮತ್ತು ನೀರಿನ ಪರೀಕ್ಷೆಗಾಗಿ ಸಮೀಪದ ರೈತ ಸಂಪರ್ಕ ಕೇಂದ್ರವನ್ನು, ಹುಲ್ಲುಹಾಸಿನ ತಳಿ ಮತ್ತು ಬೇಸಾಯ ಕ್ರಮಕ್ಕಾಗಿ ತೋಟಗಾರಿಕೆ ಇಲಾಖೆಯ ಕಚೇರಿ ಅಥವಾ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಿರಿ.